ಉಮ್ಮನಿಗೂ ಸಿಗಲಿ ಬೇಸಿಗೆ ರಜೆ

ಮೇ ತಿಂಗಳು ಅರ್ಧ ದಾಟಿತು. ಏಪ್ರಿಲ್‌ನಲ್ಲಿ ಶುರುವಾದ ಶಾಲೆಯ ರಜೆಯಲ್ಲಿ ಇನ್ನು ಉಳಿದದ್ದು ಎರಡೇ ವಾರ. ತಿಂಗಳ ಕೊನೆಗೆ ಶಾಲೆ, ಅದರ ಬೆನ್ನಿಗೇ ಮಳೆ. ಇಷ್ಟು ಬೇಗ ಮುಗಿಯಿತಾ ಅಂತ ಮಕ್ಕಳಿಗೆ ಬೇಜಾರು. ಆದರೆ ನಮ್ಮ ಮನೆಗಳಲ್ಲಿ ಒಬ್ಬರಿಗೆ ಈ ರಜೆ ಶುರುವೇ ಆಗಿಲ್ಲ. ಅದು ಉಮ್ಮ.

ಲೆಕ್ಕ ಹಾಕಿ ನೋಡಿ. ಶಾಲೆಗೆ ರಜೆ ಅಂದರೆ ಮಕ್ಕಳ ಮಧ್ಯಾಹ್ನದ ಊಟ, ಸಂಜೆಯ ತಿಂಡಿ ಎಲ್ಲವೂ ಮನೆಯಲ್ಲೇ. ಬಂದ ನೆಂಟರಿಗೆ ಪತ್ತಿರ್ ಆಗಬೇಕು, ಕೋಳಿ ಸಾರು ಆಗಬೇಕು. ಮದುವೆಗಳೂ ಇದೇ ತಿಂಗಳಲ್ಲಿ. ತವರಿಗೆ ಹೋದರೆ ಅಲ್ಲಿಯೂ ಅಡುಗೆಕೋಣೆಯೇ. ಎಲ್ಲರೂ ಸೇರಿ ಪ್ರವಾಸ ಹೊರಟರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟುವವರೂ ಅವರೇ. ಉಳಿದ ಎರಡು ವಾರವನ್ನಾದರೂ ನಾವು ಬೇರೆ ರೀತಿ ಕಳೆಯಬಹುದಲ್ವಾ?

ಅದಕ್ಕೆ ಊಟಿ, ಮೈಸೂರಿಗೆ ಹೋಗಬೇಕೆಂದೇನೂ ಇಲ್ಲ. ಅಂಗಳದಲ್ಲೇ ಕೆಲಸ ಉಂಟು. ಹಲಸಿನ ಹಪ್ಪಳಕ್ಕೆ ಇದು ಕೊನೆಯ ಬಿಸಿಲು. ಬೆಳೆದ ಕಾಯಿಯನ್ನು ಕಡಿಯುವುದು, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸೊಳೆ ಬಿಡಿಸುವುದು, ಬೇಯಿಸಿ ಉಪ್ಪು, ಮೆಣಸು, ಜೀರಿಗೆ ಹಾಕಿ ಗುದ್ದುವುದು, ಉಂಡೆ ಕಟ್ಟಿ ಒತ್ತುವುದು, ಚಾಪೆಯಲ್ಲಿ ಒಣಗಿಸುವುದು. ಒಬ್ಬರೇ ಮಾಡಿದರೆ ಸೊಂಟ ಹೋಗುತ್ತದೆ. ಮನೆಮಂದಿಯೆಲ್ಲ ಕೂತರೆ ಅದೇ ಒಂದು ಗಮ್ಮತ್ತು. ಕಡಿಯುವುದು ಗಂಡಸರಿಗಿರಲಿ, ಒತ್ತುವುದು ಮಕ್ಕಳಿಗೆ, ಕಾಗೆ ಓಡಿಸುವುದು ಸಣ್ಣವರಿಗೆ. ಉಪ್ಪುಸೊಳೆ ಭರಣಿಗೆ ಉಪ್ಪೆಷ್ಟು ಅಂತ ಅಜ್ಜಿಯನ್ನೇ ಕೇಳಿ. ಆ ಲೆಕ್ಕ ಅವರ ಕೈಯಲ್ಲಿದೆ, ಯಾವ ಪುಸ್ತಕದಲ್ಲೂ ಇಲ್ಲ. ಮಕ್ಕಳು ಹತ್ತಿರ ಕೂತು ನೋಡಿದರೆ ಮಾತ್ರ ಅದು ಮುಂದಿನವರಿಗೆ ಉಳಿಯುತ್ತದೆ.

ಮೀನಿನದ್ದೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಒಣಮೀನು ಕಟ್ಟಿಡುವ ಕೆಲಸ ಈಗಲೇ ಆಗಬೇಕು. ಮಾರ್ಕೆಟಿಗೆ ಮಕ್ಕಳನ್ನೂ ಕರಕೊಂಡು ಹೋಗಿ. ಕಿವಿರು ನೋಡಿ ತಾಜಾ ಬಂಗುಡೆ ಆರಿಸುವುದನ್ನು ಹುಡುಗರೂ ಕಲಿಯಲಿ, ಅದನ್ನು ಶುಚಿ ಮಾಡುವುದನ್ನೂ ಕಲಿಯಲಿ.

ಸಂಜೆ ಹೊರಗೆ ಹೋಗುವುದಾದರೆ ಪಣಂಬೂರು, ತಣ್ಣೀರುಬಾವಿ, ಉಳ್ಳಾಲ ಎಲ್ಲ ಹತ್ತಿರವೇ. ಆದರೆ ಮಳೆಗಾಲ ಹತ್ತಿರ ಬಂದ ಹಾಗೆ ಕಡಲಿನ ಸ್ವಭಾವ ಬದಲಾಗುತ್ತದೆ. ಸೋಮೇಶ್ವರದ ಬಂಡೆಗಳ ಬಳಿಯಂತೂ ನೀರಿಗಿಳಿಯಲೇಬೇಡಿ. ನೇತ್ರಾವತಿ, ಫಲ್ಗುಣಿಯಲ್ಲಿ ನೀರು ಕಡಿಮೆ ಕಂಡರೂ ಮರಳು ತೆಗೆದ ಹೊಂಡಗಳು ಕಣ್ಣಿಗೆ ಕಾಣುವುದಿಲ್ಲ. ಮೊಣಕಾಲು ನೀರಿನ ಮುಂದಿನ ಹೆಜ್ಜೆಯಲ್ಲೇ ಆಳವಿರಬಹುದು. ಒಬ್ಬ ಮುಳುಗುವಾಗ ಈಜು ಬಾರದ ಇನ್ನೊಬ್ಬ ಹಾರಿ ಇಬ್ಬರೂ ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಹಾರಬೇಡಿ, ಹಗ್ಗ, ಕೋಲು, ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ ಅಂತ ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ. ದೊಡ್ಡವರಿಲ್ಲದೆ ನೀರಿನ ಹತ್ತಿರ ಕಳಿಸಬೇಡಿ.

ಬಾಪ ಗಲ್ಫ್‌ನಲ್ಲಿರುವ ಮನೆಗಳಲ್ಲಿ ರಜೆ ಇನ್ನೊಂದು ಥರ. ಅವರಿಗೆ ಲೀವ್ ಸಿಗುವ ಹೊತ್ತಿಗೆ ಇಲ್ಲಿ ಪಾಠ ಶುರುವಾಗಿರುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ. ಅವರ ಕೆಲಸ ಮುಗಿಯುವಾಗ ಇಲ್ಲಿ ಸಣ್ಣ ಮಕ್ಕಳು ಮಲಗಿರುತ್ತಾರೆ. ಶಾಲೆ ಇರುವಾಗ ಅಷ್ಟು ಹೊತ್ತು ಕಾಯಲಾಗದು, ಈಗ ಆಗುತ್ತದೆ. ಕಾಯಲಿ ಬಿಡಿ. ಹಪ್ಪಳದ ಚಾಪೆ ತೋರಿಸಲಿ, ಜಗಳದ ಸುದ್ದಿ ಹೇಳಲಿ. ಊರಿಗೆ ಬಂದು ವಾಪಸ್ ಹೋಗುವವರ ಕೈಯಲ್ಲಿ ಒಂದು ಕಟ್ಟು ಹಪ್ಪಳವನ್ನೂ ಕಳಿಸಿ.

ಇನ್ನು ಉಮ್ಮನ ವಿಷಯ. ಈ ಎರಡು ವಾರದಲ್ಲಿ ಎರಡು ದಿನ ಗೊತ್ತು ಮಾಡಿ. ಆ ದಿನ ಒಲೆ, ಪಾತ್ರೆ, ಬಟ್ಟೆ ಯಾವುದೂ ಅವರದ್ದಲ್ಲ. ಗಂಜಿ, ಚಟ್ನಿ ಆದರೂ ಸಾಕು, ಬೇರೆಯವರು ಮಾಡಲಿ. ಅವರು ಅಕ್ಕತಂಗಿಯರ ಹತ್ತಿರ ಹೋಗಲಿ, ಇಲ್ಲವೇ ಮಧ್ಯಾಹ್ನ ಸುಮ್ಮನೆ ನಿದ್ದೆ ಮಾಡಲಿ. ಸಾರಿಗೆ ಉಪ್ಪು ಹೆಚ್ಚಾದರೂ ಯಾರೂ ಮಾತಾಡಬೇಡಿ. ಮೂವತ್ತೊಂದರ ಒಳಗೆ ಒಂದು ದಿನವಾದರೂ ಆಗಲಿ.