ಹಲಸಿನ ಸ್ಪರ್ಧೆಗೆ ಮೊದಲ ಸಲ ತೀರ್ಪುಗಾರರಾ? ಇಷ್ಟು ನೆನಪಿಡಿ

ಹಲಸಿನ ಮೇಳದಲ್ಲಿ ಉತ್ತಮ ಹಣ್ಣು ಆರಿಸೋಕೆ ನಿಮ್ಮನ್ನ ಕರೆದಿದ್ದಾರಾ? ಇದು ಬರೀ ತಿನ್ನೋ ಕೆಲಸ ಅಲ್ಲ. ಬೀಜದಿಂದ ಬೆಳೆದ ಹಲಸಿಗೆ ತಾಯಿಮರದ ಗುಣ ಹಾಗೇ ಬರೋದಿಲ್ಲ. ಅದಕ್ಕೇ ಗೆದ್ದ ಮರದ ಕುಡಿ ತಂದು ಕಸಿ ಕಟ್ಟುತ್ತಾರೆ. ನಿಮ್ಮ ತೀರ್ಪು ತಪ್ಪಿದರೆ ಯಾರದೋ ತೋಟದಲ್ಲಿ ಹತ್ತಾರು ವರ್ಷ ತಪ್ಪು ಮರ ನಿಲ್ಲುತ್ತೆ.

1. ಆ ದಿನ ಎಲೆ-ಅಡಿಕೆ, ಗುಟ್ಕಾ, ಖಾರದ ತಿಂಡಿ ಬೇಡ. ನಾಲಿಗೆ ಕೆಡುತ್ತೆ.

2. ಹಣ್ಣಿಗೆ ನಂಬರ್ ಮಾತ್ರ ಇರಲಿ, ಬೆಳೆದವರ ಹೆಸರು ಬೇಡ. ಪರಿಚಯದವರ ಹಣ್ಣು ಯಾವಾಗಲೂ ಸಿಹಿಯೇ!

3. ಗಟ್ಟಿ ತೊಳೆಯ ಬಕ್ಕೆ, ಮೆತ್ತನೆ ತೊಳೆಯ ತುಳುವ ಎರಡನ್ನೂ ಬೇರೆ ಬೇರೆ ಸಾಲಲ್ಲಿ ಇಡಿಸಿ. ಅರೆಹಣ್ಣು, ಅತಿಯಾಗಿ ಕಳಿತದ್ದು ಪಕ್ಕಕ್ಕಿಡಿ.

4. ಪ್ರತಿ ಹಣ್ಣಿನಲ್ಲೂ ನಡುಭಾಗದ ಒಂದೇ ತೊಳೆ ತಿನ್ನಿ. ನೀರಲ್ಲಿ ಬಾಯಿ ಮುಕ್ಕಳಿಸಿ, ಅಂಕ ಬರೆದ ಮೇಲೇ ಮುಂದಿನದು. ಇಪ್ಪತ್ತು ಹಣ್ಣು ಇದ್ದರೆ ನಡುವೆ ಬಿಡುವು ತಗೊಳ್ಳಿ. ದಣಿದ ನಾಲಿಗೆಗೆ ಕೊನೆಯ ಹಣ್ಣುಗಳೆಲ್ಲ ಸಪ್ಪೆ.

5. ಬಣ್ಣ, ಪರಿಮಳ, ಸಿಹಿ, ತೊಳೆಯ ದಪ್ಪ, ಅಂಟು ಇವಕ್ಕೆ ಬೇರೆ ಬೇರೆ ಅಂಕ ಕೊಡಿ. ಸಿಹಿ ಅಳೆಯೋಕೆ ರಿಫ್ರಾಕ್ಟೋಮೀಟರ್ ಇದ್ದರೆ ಬಳಸಿ. ಆದರೆ ರುಚಿ ಹೇಳಬೇಕಾದ್ದು ನಾಲಿಗೆಯೇ.

6. ಗಾತ್ರ ನೋಡಿ ಮರುಳಾಗಬೇಡಿ. ತುಮಕೂರು ಜಿಲ್ಲೆ ಚೇಳೂರಿನ 'ಸಿದ್ದು' ಹಲಸು ಸುಮಾರು 2.5 ಕೆ.ಜಿ. ಅಷ್ಟೇ ತೂಗುತ್ತೆ. ಅದರ ಕೆಂಪು ತೊಳೆಯ ಗುಣ ಗುರುತಿಸಿ, ಕಸಿಗಿಡ ಹಂಚೋಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ 2017ರಲ್ಲಿ ರೈತರ ಜೊತೆ ಒಪ್ಪಂದ ಮಾಡಿಕೊಂಡಿತು. ತೂಕವೊಂದನ್ನೇ ನೋಡಿದ್ದರೆ ಆ ಮರ ಹಿತ್ತಲಲ್ಲೇ ಉಳೀತಿತ್ತು.

ಅಂಕ ಹಾಕುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮರದ ಕಸಿಗಿಡ ನನ್ನ ಜಮೀನಲ್ಲಿ ನೆಡ್ತೀನಾ?