ಎಸ್.ಎಸ್.ಎಲ್.ಸಿ. ಉತ್ತೀರ್ಣತೆ: ಅಂಕದ ಗಡಿ ಮತ್ತು ಅರ್ಹತೆಯ ಅರ್ಥ

ಹತ್ತನೆಯ ತರಗತಿಯ ಕೊನೆಯಲ್ಲಿ ನಡೆಯುವ ಸಾರ್ವಜನಿಕ ಪರೀಕ್ಷೆಗೆ ಕರ್ನಾಟಕದ ಸಾಮಾಜಿಕ ಬದುಕಿನಲ್ಲಿ ವಿಶಿಷ್ಟ ಸ್ಥಾನವಿದೆ. ಹಳ್ಳಿಗಳಲ್ಲಿ ಇಂದಿಗೂ ಒಬ್ಬನ ಓದಿನ ಮಟ್ಟವನ್ನು ಹೇಳುವಾಗ ‘ಎಸ್.ಎಸ್.ಎಲ್.ಸಿ. ಪಾಸು’ ಅಥವಾ ‘ಎಸ್.ಎಸ್.ಎಲ್.ಸಿ. ಫೇಲು’ ಎಂಬ ಮಾತೇ ಅಳತೆಗೋಲಾಗುತ್ತದೆ. ಜನ್ಮದಿನಾಂಕದ ದಾಖಲೆಯಾಗಿ, ಉದ್ಯೋಗದ ಕನಿಷ್ಠ ವಿದ್ಯಾರ್ಹತೆಯಾಗಿ, ಮುಂದಿನ ಶಿಕ್ಷಣದ ಪ್ರವೇಶಪತ್ರವಾಗಿ ಈ ಅಂಕಪಟ್ಟಿಯು ಜೀವನದುದ್ದಕ್ಕೂ ಬಳಕೆಯಾಗುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಈ ಪರೀಕ್ಷೆಯ ಉತ್ತೀರ್ಣತೆಯ ನಿಯಮಗಳು ಮತ್ತೆ ಮತ್ತೆ ಬದಲಾಗಿವೆ. ಈ ಬದಲಾವಣೆಗಳ ಸ್ವರೂಪವೇನು, ಅವು ವಿದ್ಯಾರ್ಥಿಯನ್ನು ಮುಂದಿನ ಬದುಕಿಗೆ ಎಷ್ಟರಮಟ್ಟಿಗೆ ಸಜ್ಜುಗೊಳಿಸುತ್ತವೆ ಎಂಬುದನ್ನು, ವಿಶೇಷವಾಗಿ ಕನ್ನಡ ಭಾಷಾ ಕಲಿಕೆಯ ನೆಲೆಯಿಂದ, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪರೀಕ್ಷೆಯ ಎರಡು ಹೊಣೆಗಳು

‘ಸೆಕೆಂಡರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್’ ಎಂಬ ಹೆಸರೇ ಸೂಚಿಸುವಂತೆ ಇದು ಪ್ರೌಢಶಾಲೆಯನ್ನು ಬಿಟ್ಟು ಹೊರಡುವವನಿಗೆ ಕೊಡುವ ಪ್ರಮಾಣಪತ್ರ. ಹೊರಡುವವನು ಎಲ್ಲಿಗೆ ಹೊರಡುತ್ತಾನೆ ಎಂಬ ಪ್ರಶ್ನೆಗೆ ಹೆಸರಿನಲ್ಲಿ ಉತ್ತರವಿಲ್ಲ. ಒಬ್ಬನು ಪದವಿಪೂರ್ವ ಕಾಲೇಜಿಗೆ, ಇನ್ನೊಬ್ಬನು ಪಾಲಿಟೆಕ್ನಿಕ್ಕಿಗೆ, ಮತ್ತೊಬ್ಬನು ಐ.ಟಿ.ಐ.ಗೆ, ಮಗದೊಬ್ಬನು ನೇರವಾಗಿ ದುಡಿಮೆಗೆ ಹೊರಡುತ್ತಾನೆ. ಆದ್ದರಿಂದ ಈ ಪರೀಕ್ಷೆಯ ಮೇಲೆ ಮೊದಲಿನಿಂದಲೂ ಎರಡು ಹೊಣೆಗಳಿವೆ. ಇಷ್ಟು ಕಲಿತಿದ್ದಾನೆ ಎಂದು ಸಮಾಜಕ್ಕೆ ತಿಳಿಸುವುದು ಒಂದು; ಮುಂದಿನದನ್ನು ಕಲಿಯಬಲ್ಲ ಎಂದು ಕಾಲೇಜಿಗೆ ತಿಳಿಸುವುದು ಇನ್ನೊಂದು. ಮೊದಲನೆಯದು ಹಿಂದೆ ನೋಡುವ ಮಾತು, ಎರಡನೆಯದು ಮುಂದೆ ನೋಡುವ ಮಾತು. ಒಂದೇ ಅಂಕ ಇವೆರಡನ್ನೂ ಹೇಳಬೇಕಾಗಿ ಬಂದಿರುವುದೇ ಉತ್ತೀರ್ಣತೆಯ ಕುರಿತಾದ ಗೊಂದಲದ ಮೂಲವಾಗಿದೆ.

ಇದಕ್ಕೆ ಇನ್ನೊಂದು ಅಂಶವೂ ಸೇರಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರಾಥಮಿಕ ಹಂತ ಮುಗಿಯುವವರೆಗೆ ಮಗುವಿಗೆ ಯಾವುದೇ ಮಂಡಳಿ ಪರೀಕ್ಷೆಯನ್ನು ಕಡ್ಡಾಯಗೊಳಿಸಬಾರದೆಂದು ವಿಧಿಸಿತು. ಕರ್ನಾಟಕದಲ್ಲಿ 5, 8 ಮತ್ತು 9ನೆಯ ತರಗತಿಗಳಿಗೆ ಮಂಡಳಿ ಮಟ್ಟದ ಮೌಲ್ಯಾಂಕನ ನಡೆಸುವ ಪ್ರಯತ್ನವು ನ್ಯಾಯಾಲಯದ ಮೆಟ್ಟಿಲೇರಿ, 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯೊಡ್ಡಿತು. ಮಕ್ಕಳ ಮೇಲಿನ ಒತ್ತಡವನ್ನು ತಗ್ಗಿಸುವ ದೃಷ್ಟಿಯಿಂದ ಈ ನಿಲುವು ಸರಿಯಾದುದೇ. ಆದರೆ ಅದರ ಪರಿಣಾಮವಾಗಿ, ಹತ್ತು ವರ್ಷಗಳ ಕಲಿಕೆಯ ಕೊರತೆಗಳೆಲ್ಲ ಬೆಳಕಿಗೆ ಬರುವ ಮೊದಲ ಸಂದರ್ಭ ಹತ್ತನೆಯ ತರಗತಿಯ ಪರೀಕ್ಷಾ ಕೊಠಡಿಯೇ ಆಗಿಬಿಟ್ಟಿದೆ.

ಬದಲಾವಣೆಯ ಲೆಕ್ಕಾಚಾರ

ಕರ್ನಾಟಕ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು 1966ರ ಅಧಿನಿಯಮದಡಿ ರೂಪುಗೊಂಡಿತು. 2022ರಲ್ಲಿ ಪದವಿಪೂರ್ವ ಪರೀಕ್ಷೆಗಳ ಹೊಣೆಯೂ ಸೇರಿ ಅದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಯಿತು. ದೀರ್ಘಕಾಲ ಪ್ರತಿಯೊಂದು ವಿಷಯದಲ್ಲಿಯೂ ಶೇ. 35 ಅಂಕಗಳನ್ನು ಪಡೆಯುವುದು ಉತ್ತೀರ್ಣತೆಯ ಸಾಮಾನ್ಯ ನಿಯಮವಾಗಿತ್ತು. 2014-15ನೆಯ ಸಾಲಿನಿಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯು ಹತ್ತನೆಯ ತರಗತಿಗೂ ಅನ್ವಯವಾಗಿ, ಪ್ರತಿ ವಿಷಯದ 100 ಅಂಕಗಳಲ್ಲಿ 20 ಅಂಕಗಳು ಶಾಲೆಯ ಆಂತರಿಕ ಮೌಲ್ಯಮಾಪನಕ್ಕೂ 80 ಅಂಕಗಳು ಲಿಖಿತ ಪರೀಕ್ಷೆಗೂ ಹಂಚಿಕೆಯಾದವು. ಪ್ರಥಮ ಭಾಷೆಗೆ ಈ ಹಂಚಿಕೆ 25 ಮತ್ತು 100.

2021ರಲ್ಲಿ ಕೋವಿಡ್ ಕಾರಣದಿಂದ ಎರಡೇ ದಿನಗಳ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ಉತ್ತೀರ್ಣರಾದರು. 2022ರಲ್ಲಿ ಫಲಿತಾಂಶ ಶೇ. 85.63, 2023ರಲ್ಲಿ ಶೇ. 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂದು ನಕಲಿಗೆ ಕಡಿವಾಣ ಬಿದ್ದಾಗ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಶೇ. 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ ದೊರೆತ ಅಂಕಿ. ಈ ಕ್ರಮವು ಟೀಕೆಗೊಳಗಾಗಿ 2025ರಲ್ಲಿ ಕೈಬಿಡಲ್ಪಟ್ಟಿತು. ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಶಾಲಾ ವಿದ್ಯಾರ್ಥಿಗಳ ಫಲಿತಾಂಶ ಶೇ. 66ರ ಆಸುಪಾಸಿನಲ್ಲಿತ್ತು. ಮೂರು ವರ್ಷಗಳಲ್ಲಿ ಮಕ್ಕಳ ಕಲಿಕೆ ಇಷ್ಟು ಕುಸಿದಿರಲಾರದು. ಕುಸಿದದ್ದು ಅಂಕಗಳಿಗಿದ್ದ ಊರುಗೋಲು ಎಂದು ಹೇಳುವುದೇ ಹೆಚ್ಚು ಸಮಂಜಸ.

2024ರಲ್ಲಿ ಪೂರಕ ಪರೀಕ್ಷೆಯ ಬದಲು ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು. ಅವುಗಳಲ್ಲಿ ಪಡೆದ ಅತ್ಯುತ್ತಮ ಅಂಕಗಳನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದಿತ್ತು. 2025ರ ಅಕ್ಟೋಬರಿನಲ್ಲಿ ಉತ್ತೀರ್ಣತೆಯ ಗಡಿಯನ್ನೇ ಬದಲಿಸಿ, ಒಟ್ಟು 625 ಅಂಕಗಳಲ್ಲಿ ಶೇ. 33, ಅಂದರೆ 206 ಅಂಕ, ಹಾಗೂ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಅಂಕ ಸಾಕೆಂದು ಸರ್ಕಾರ ಪ್ರಕಟಿಸಿತು. ಇಲ್ಲೊಂದು ಸರಳ ಲೆಕ್ಕವನ್ನು ಗಮನಿಸಬಹುದು. ಆಂತರಿಕ ಮತ್ತು ಲಿಖಿತ ಅಂಕಗಳನ್ನು ಕೂಡಿಸಿ ಈ 30ನ್ನು ಎಣಿಸಿದಲ್ಲಿ, ಆಂತರಿಕವಾಗಿ 18 ಅಂಕ ಪಡೆದವನಿಗೆ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ 12 ಅಂಕ ಬಂದರೂ ಆ ವಿಷಯದ ಕನಿಷ್ಠ ಮಿತಿ ದಾಟುತ್ತದೆ. ಆ ಹನ್ನೆರಡು ಅಂಕಗಳು ಯಾವ ಸಾಮರ್ಥ್ಯಕ್ಕೆ ಸಂದವು ಎಂಬುದು ಅಂಕಪಟ್ಟಿಯಿಂದ ತಿಳಿಯುವುದಿಲ್ಲ.

ಮೂರು ಪರೀಕ್ಷೆಗಳ ಪದ್ಧತಿಯಿಂದ ಒಂದು ದಿನದ ಅನಾರೋಗ್ಯ ಒಂದು ವರ್ಷವನ್ನು ನುಂಗುವುದು ತಪ್ಪಿತು. ಇದು ನಿಜವಾದ ಲಾಭ. ಆದರೆ ಕೃಪಾಂಕ, ಗಡಿಯ ಇಳಿಕೆ, ಅವಕಾಶಗಳ ಹೆಚ್ಚಳ ಇವೆಲ್ಲವೂ ಎಷ್ಟು ಅಂಕ ಮತ್ತು ಎಷ್ಟು ಬಾರಿ ಎಂಬ ಪ್ರಶ್ನೆಗಳಿಗೆ ಸಂಬಂಧಿಸಿದವು. ಅಂಕವು ಯಾವುದರ ಗುರುತು ಎಂಬ ಪ್ರಶ್ನೆಯನ್ನು ಇವು ಯಾವುವೂ ಮುಟ್ಟುವುದಿಲ್ಲ.

ಭಾಷಾ ಪತ್ರಿಕೆಯ ಸ್ಥಿತಿ

ಮೇಲೆ ಹೇಳಿದ 625 ಅಂಕಗಳ ಚೌಕಟ್ಟಿನಲ್ಲಿ ಪ್ರಥಮ ಭಾಷೆಗೆ 125, ದ್ವಿತೀಯ ಮತ್ತು ತೃತೀಯ ಭಾಷೆಗಳಿಗೆ ತಲಾ 100 ಅಂಕಗಳಿದ್ದವು. ಅಂದರೆ ಒಟ್ಟು ಅಂಕಗಳಲ್ಲಿ 325, ಅರ್ಧಕ್ಕಿಂತ ಹೆಚ್ಚು ಪಾಲು, ಭಾಷೆಗಳದೇ. ಇಷ್ಟು ದೊಡ್ಡ ಪಾಲು ಪಡೆದ ಭಾಷೆಗಳ ಪರೀಕ್ಷೆಯು ಭಾಷಾ ಸಾಮರ್ಥ್ಯವನ್ನು ಅಳೆಯುತ್ತಿದೆಯೇ ಎಂದು ಕೇಳುವುದು ಅನಿವಾರ್ಯ.

ಇತ್ತೀಚಿನ ವರ್ಷಗಳ ಪ್ರಥಮ ಭಾಷಾ ಪಠ್ಯಪುಸ್ತಕ ‘ಸಿರಿ ಕನ್ನಡ’ದಲ್ಲಿ ದುರ್ಗಸಿಂಹನಿಂದ ದೇವನೂರ ಮಹಾದೇವರವರೆಗೆ, ರನ್ನನಿಂದ ಬೇಂದ್ರೆಯವರವರೆಗೆ ಕನ್ನಡ ಸಾಹಿತ್ಯದ ಉತ್ತಮ ಮಾದರಿಗಳಿವೆ. ಸಾರಾ ಅಬೂಬಕ್ಕರ್ ಅವರ ‘ಯುದ್ಧ’ದಂತಹ ಕಥೆಯು ಹದಿನೈದು ವರ್ಷದ ಓದುಗನಲ್ಲಿ ಅನೇಕ ಪ್ರಶ್ನೆಗಳನ್ನು ಎಬ್ಬಿಸಬಲ್ಲುದು. ಆಯ್ಕೆಯಲ್ಲಿ ದೊಡ್ಡ ಲೋಪವಿಲ್ಲ. ಲೋಪವಿರುವುದು ಅವುಗಳನ್ನು ಕೇಳುವ ಬಗೆಯಲ್ಲಿ. ಪದ್ಯಭಾಗವನ್ನು ಪೂರ್ಣಗೊಳಿಸುವುದು, ಸಂದರ್ಭದೊಡನೆ ಸ್ವಾರಸ್ಯ ಬರೆಯುವುದು, ಕವಿಕಾವ್ಯ ಪರಿಚಯ, ಛಂದಸ್ಸಿಗೆ ಪ್ರಸ್ತಾರ ಹಾಕುವುದು, ಗಾದೆಯ ವಿಸ್ತರಣೆ ಇತ್ಯಾದಿ ಪ್ರಶ್ನೆರೂಪಗಳು ವರ್ಷವರ್ಷವೂ ಬಹುಮಟ್ಟಿಗೆ ಸ್ಥಿರವಾಗಿವೆ. ಪಾಠಗಳ ಪ್ರಶ್ನೋತ್ತರಗಳು ಸಿದ್ಧರೂಪದಲ್ಲಿ ದೊರೆಯುತ್ತವೆ. ಹಿಂದುಳಿದ ಮಕ್ಕಳಿಗಾಗಿ ಕನಿಷ್ಠ ಅಂಕಗಳಿಗೆ ಬೇಕಾದಷ್ಟನ್ನೇ ಆರಿಸಿಕೊಡುವ ‘ಪಾಸಿಂಗ್ ಪ್ಯಾಕೇಜ್’ ಎಂಬ ಪದವೇ ಶಾಲೆಗಳಲ್ಲಿ ರೂಢಿಗೆ ಬಂದಿದೆ. ಗಾದೆಯ ವಿಸ್ತರಣೆಯೆಂಬುದು ಮೂಲತಃ ವಿದ್ಯಾರ್ಥಿಯ ಸ್ವಂತ ವಿಚಾರಕ್ಕೆ ಅವಕಾಶ ಕೊಡುವ ಪ್ರಶ್ನೆ. ಅದೂ ಕೂಡ ನಾಲ್ಕಾರು ಗಾದೆಗಳ ವಿವರಣೆಯನ್ನು ಬಾಯಿಪಾಠ ಮಾಡಿ ಒಪ್ಪಿಸುವ ಕ್ರಿಯೆಯಾಗಿ ಮಾರ್ಪಟ್ಟಿದೆ.

ಹೀಗೆ ಉತ್ತೀರ್ಣನಾದವನು ತಾನು ಹಿಂದೆಂದೂ ಕಾಣದ ಒಂದು ಪುಟವನ್ನು ಓದಿ ಅದರ ಸಾರವನ್ನು ತನ್ನ ಮಾತಿನಲ್ಲಿ ಬರೆಯಬಲ್ಲನೇ ಎಂಬುದಕ್ಕೆ ಅಂಕಪಟ್ಟಿ ಸಾಕ್ಷಿಯಾಗುವುದಿಲ್ಲ. ಈ ಕೊರತೆ ಕನ್ನಡ ವಿಷಯಕ್ಕೆ ಮಾತ್ರ ಸೀಮಿತವಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಗಣಿತದ ಹೇಳಿಕೆ ಲೆಕ್ಕ, ವಿಜ್ಞಾನದ ಪ್ರಯೋಗ ವಿವರಣೆ, ಸಮಾಜ ವಿಜ್ಞಾನದ ಕಾರಣ-ಪರಿಣಾಮದ ಉತ್ತರ ಎಲ್ಲವೂ ಕನ್ನಡ ವಾಕ್ಯಗಳೇ. ವಾಕ್ಯವನ್ನು ಬಿಡಿಸಿಕೊಳ್ಳಲಾಗದವನು ಲೆಕ್ಕದಲ್ಲಿ ಸೋತಾಗ ಸೋಲು ಗಣಿತದ ಹೆಸರಿನಲ್ಲಿ ದಾಖಲಾಗುತ್ತದೆ.

ಭಾಷೆಯ ಕುರಿತು ಕರ್ನಾಟಕದಲ್ಲಿ ನಡೆದ ಚರ್ಚೆಯ ಇತಿಹಾಸವೂ ಇಲ್ಲಿ ಪ್ರಸ್ತುತ. ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯು 1981ರಲ್ಲಿ ಸಲ್ಲಿಸಿದ ವರದಿಯಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದೂ ಅದಕ್ಕೆ 150 ಅಂಕಗಳಿರಬೇಕೆಂದೂ ಶಿಫಾರಸು ಮಾಡಿತು. 1982ರ ಗೋಕಾಕ್ ಚಳವಳಿ ಅದರ ಅನುಷ್ಠಾನಕ್ಕಾಗಿಯೇ ನಡೆದುದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸುವುದನ್ನು ಕಡ್ಡಾಯಗೊಳಿಸಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯು ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿತು. ಕನ್ನಡದ ಸ್ಥಾನಮಾನಕ್ಕೆ ಈ ಹೋರಾಟಗಳ ಮತ್ತು ನೀತಿಗಳ ಕೊಡುಗೆ ನಿರ್ವಿವಾದವಾದುದು. ಆದರೆ ಸಾರ್ವಜನಿಕ ಚರ್ಚೆಯು ಭಾಷೆಯ ಸ್ಥಾನ ಯಾವುದು, ಅಂಕ ಎಷ್ಟು ಎಂಬಲ್ಲಿಯೇ ಹೆಚ್ಚಾಗಿ ನಿಂತಿತು. ಸ್ಥಾನ ಪಡೆದ ಭಾಷೆಯಲ್ಲಿ ವಿದ್ಯಾರ್ಥಿ ಏನನ್ನು ಮಾಡಬಲ್ಲವನಾಗಬೇಕು ಎಂಬುದು ಅಷ್ಟೇ ತೀವ್ರತೆಯಿಂದ ಚರ್ಚೆಯಾಗಲಿಲ್ಲ.

ಮುಂದಿನ ಹೆಜ್ಜೆಯ ತೊಡಕು

ಈ ಕೊರತೆಯ ಬೆಲೆ ತಿಳಿಯುವುದು ಜೂನ್ ತಿಂಗಳಿನಲ್ಲಿ, ವಿದ್ಯಾರ್ಥಿ ಪದವಿಪೂರ್ವ ತರಗತಿಗೆ ಕಾಲಿಟ್ಟಾಗ. ವಿಜ್ಞಾನ ವಿಭಾಗದಲ್ಲಿ ಬೋಧನೆ ಬಹುತೇಕ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಹತ್ತನೆಯ ತರಗತಿಯಲ್ಲಿ ‘ವಕ್ರೀಭವನ’, ‘ದ್ಯುತಿಸಂಶ್ಲೇಷಣೆ’ ಎಂದು ಕಲಿತವನು ಅವೇ ಪರಿಕಲ್ಪನೆಗಳನ್ನು ಅಪರಿಚಿತ ಹೆಸರುಗಳಲ್ಲಿ ಎದುರುಗೊಳ್ಳುತ್ತಾನೆ. ಪರಿಕಲ್ಪನೆಯು ಕನ್ನಡದಲ್ಲಿ ಗಟ್ಟಿಯಾಗಿ ಮನದಟ್ಟಾಗಿದ್ದರೆ ಹೆಸರಿನ ಬದಲಾವಣೆಯನ್ನು ಕೆಲವು ತಿಂಗಳುಗಳಲ್ಲಿ ದಾಟಬಹುದು. ಉತ್ತರವನ್ನಷ್ಟೇ ಕಂಠಪಾಠ ಮಾಡಿದವನಿಗೆ ಹೆಸರಿನೊಂದಿಗೆ ವಿಷಯವೂ ಕೈತಪ್ಪುತ್ತದೆ. ಸೋಲಿಗೆ ಆಗ ಕನ್ನಡ ಮಾಧ್ಯಮವೇ ಕಾರಣವೆಂಬ ತೀರ್ಮಾನಕ್ಕೆ ತಂದೆತಾಯಿಗಳು ಬರುತ್ತಾರೆ. ಕಿರಿಯ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕ್ಷೀಣಿಸುವುದಕ್ಕಿರುವ ಹಲವು ಕಾರಣಗಳಲ್ಲಿ ಇದೂ ಒಂದು ಎಂಬುದನ್ನು ಮರೆಯಲಾಗದು.

ಕಾಲೇಜಿಗೆ ಹೋಗದವರ ಪಾಡೂ ಇದಕ್ಕಿಂತ ಭಿನ್ನವಲ್ಲ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರ ಆಯ್ಕೆಯು ಹತ್ತನೆಯ ತರಗತಿಯ ಅಂಕಗಳ ಆಧಾರದ ಮೇಲೆಯೇ ನಡೆಯುತ್ತದೆ. ಅಲ್ಲಿ ಅಂಕವು ನೇರವಾಗಿ ಅನ್ನದ ಪ್ರಶ್ನೆ. ಒಂದು ವರ್ಷ ಕೃಪಾಂಕ ಸಿಕ್ಕಿ ಇನ್ನೊಂದು ವರ್ಷ ಸಿಗದಿದ್ದರೆ ಬೇರೆ ಬೇರೆ ವರ್ಷಗಳಲ್ಲಿ ಉತ್ತೀರ್ಣರಾದವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗುವುದಿಲ್ಲ.

ನೆರೆರಾಜ್ಯದ ಒಂದು ಮಾದರಿ

ಹೋಲಿಕೆಗಾಗಿ ಕೇರಳವನ್ನು ನೋಡಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಬರೆಯುವುದು ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೇ ಆದ್ದರಿಂದ ಅಲ್ಲಿನ ನಿಯಮ ಕನ್ನಡಿಗರಿಗೂ ಸಂಬಂಧಿಸಿದೆ. ಉತ್ತೀರ್ಣತೆಯ ಪ್ರಮಾಣ ಅತ್ಯಧಿಕವಾಗಿದ್ದ ಆ ರಾಜ್ಯವು 2024ರಲ್ಲಿ ಲಿಖಿತ ಪರೀಕ್ಷೆಗೆ ಪ್ರತ್ಯೇಕವಾಗಿ ಶೇ. 30ರ ಕನಿಷ್ಠ ಮಿತಿಯನ್ನು ತರಲು ನಿರ್ಧರಿಸಿತು. ಅದನ್ನು 2024-25ರಲ್ಲಿ ಎಂಟನೆಯ ತರಗತಿಯಿಂದ ಆರಂಭಿಸಿ, ಮುಂದಿನ ವರ್ಷ ಒಂಬತ್ತಕ್ಕೆ, 2026-27ರಲ್ಲಿ ಹತ್ತಕ್ಕೆ ಹಂತಹಂತವಾಗಿ ವಿಸ್ತರಿಸುವುದು ಅಲ್ಲಿನ ಯೋಜನೆ. ಕನಿಷ್ಠ ಅಂಕ ಪಡೆಯದ ಮಕ್ಕಳಿಗೆ ವಿಶೇಷ ಬೋಧನೆ ನೀಡಿ ಮತ್ತೆ ಪರೀಕ್ಷಿಸುವ ಏರ್ಪಾಡನ್ನೂ ಅದರೊಂದಿಗೆ ಜೋಡಿಸಲಾಯಿತು. 30 ಎಂಬ ಒಂದೇ ಸಂಖ್ಯೆಗೆ ಕರ್ನಾಟಕ ಮೇಲಿನಿಂದ ಇಳಿದು ಬಂದರೆ ಕೇರಳ ಕೆಳಗಿನಿಂದ ಏರಿ ಬಂದಿದೆ. ಸಂಖ್ಯೆ ಒಂದೇ ಆದರೂ ಅರ್ಥ ಒಂದೇ ಅಲ್ಲ. ಒಂದು ಕಡೆ ಅದು ಕೊನೆಯ ಬಾಗಿಲನ್ನು ಅಗಲಿಸುವ ಕ್ರಮ. ಇನ್ನೊಂದು ಕಡೆ ಬಾಗಿಲಿಗೆ ಬರುವ ಎರಡು ವರ್ಷ ಮೊದಲೇ ದಾರಿಯನ್ನು ಸರಿಪಡಿಸುವ ಕ್ರಮ.

ಬದಲಾಗಬೇಕಾದುದು ಏನು

ಉತ್ತೀರ್ಣತೆಯ ನಿಯಮವನ್ನು ಬಿಗಿಗೊಳಿಸಬೇಕೆಂಬ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಬಿಗಿಯಾದ ನಿಯಮದ ಪೆಟ್ಟು ಮೊದಲು ಬೀಳುವುದು ಮನೆಯಲ್ಲಿ ಓದುಬರಹದ ಹಿನ್ನೆಲೆಯಿಲ್ಲದ, ಸರ್ಕಾರಿ ಶಾಲೆಯ, ದುಡಿಯುವ ಕುಟುಂಬಗಳ ಮಕ್ಕಳ ಮೇಲೆ. ಅನುತ್ತೀರ್ಣಳಾದ ಹುಡುಗಿಯ ಓದು ಅನೇಕ ಮನೆಗಳಲ್ಲಿ ಅಲ್ಲಿಗೇ ಮುಗಿಯುತ್ತದೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಸಾಮರ್ಥ್ಯವಿಲ್ಲದೆ ದಾಟಿಸಿದ ಮಗು ಪದವಿಪೂರ್ವ ಹಂತದಲ್ಲಿ ಸೋತಾಗ ಆ ನಷ್ಟವನ್ನು ಹೊರುವವರೂ ಇದೇ ಕುಟುಂಬಗಳೇ. ಆದ್ದರಿಂದ ನಿಯಮದ ಹೊರೆ ಮಗುವಿನ ಮೇಲಷ್ಟೇ ಅಲ್ಲದೆ ಶಾಲೆಯ ಮೇಲೂ ಬೀಳುವಂತೆ ಅದನ್ನು ರೂಪಿಸುವುದು ಅಗತ್ಯ.

ಈ ಹಿನ್ನೆಲೆಯಲ್ಲಿ ಕೆಲವು ಬದಲಾವಣೆಗಳನ್ನು ಪರಿಗಣಿಸಬಹುದು. ಮೊದಲನೆಯದಾಗಿ, ಭಾಷಾ ಪತ್ರಿಕೆಯಲ್ಲಿ ಅಪಠಿತ ಗದ್ಯದ ಗ್ರಹಿಕೆ ಹಾಗೂ ಸ್ವತಂತ್ರ ಬರವಣಿಗೆಗೆ ಹೆಚ್ಚಿನ ಪಾಲು ಕೊಟ್ಟು, ಆ ಭಾಗದ ಅಂಕಗಳನ್ನು ಅಂಕಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣಿಸುವುದು. ಎರಡನೆಯದಾಗಿ, ಆಂತರಿಕ ಅಂಕಗಳ ಒಂದು ಭಾಗವನ್ನು ಆಲಿಸುವಿಕೆ ಮತ್ತು ಮಾತುಗಾರಿಕೆಗೆ ಮೀಸಲಿಟ್ಟು, ಅದನ್ನು ನೆರೆಶಾಲೆಯ ಶಿಕ್ಷಕರ ಸಮ್ಮುಖದಲ್ಲಿ ಪರೀಕ್ಷಿಸುವುದು. ಮೂರನೆಯದಾಗಿ, ಎಂಟನೆಯ ತರಗತಿಯ ಆರಂಭದಲ್ಲಿ ಪ್ರತಿ ಮಗುವಿನ ಓದು-ಬರಹದ ಮಟ್ಟವನ್ನು ಶಾಲೆಯೇ ಗುರುತಿಸಿ ಪರಿಹಾರ ಬೋಧನೆ ನೀಡುವುದು. ಇದರಲ್ಲಿ ಉತ್ತೀರ್ಣ-ಅನುತ್ತೀರ್ಣದ ಮಾತೇ ಇರಬಾರದು. ನಾಲ್ಕನೆಯದಾಗಿ, ಪದವಿಪೂರ್ವ ವಿಜ್ಞಾನ ಮತ್ತು ವಾಣಿಜ್ಯ ವಿಭಾಗಗಳಿಗೆ ಸೇರುವ ಕನ್ನಡ ಮಾಧ್ಯಮದವರಿಗೆ ಎರಡೂ ಭಾಷೆಗಳ ಪಾರಿಭಾಷಿಕ ಪದಗಳನ್ನು ಜೋಡಿಸಿ ಕಲಿಸುವ ಸೇತುಬಂಧ ತರಗತಿಗಳನ್ನು ನಡೆಸುವುದು. ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವನ್ನು, ಕೊರತೆಯಿರುವ ಭಾಗವನ್ನಷ್ಟೇ ಕಲಿತು ಮತ್ತೆ ಬರೆಯಲು ಬಳಸಿಕೊಂಡಲ್ಲಿ ಮಗುವಿನ ವರ್ಷವೂ ಉಳಿಯುತ್ತದೆ, ಕಲಿಕೆಯೂ ಉಳಿಯುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, 35, 33, 30 ಎಂಬ ಸಂಖ್ಯೆಗಳಿಗೆ ತಮ್ಮಷ್ಟಕ್ಕೆ ತಾವೇ ಶೈಕ್ಷಣಿಕ ಅರ್ಥವಿಲ್ಲ. ಅವುಗಳಿಗೆ ಅರ್ಥ ಬರುವುದು ಅವು ಯಾವ ಸಾಮರ್ಥ್ಯವನ್ನು ಸೂಚಿಸುತ್ತವೆ ಎಂಬುದರಿಂದ. ಹತ್ತು ವರ್ಷ ಕನ್ನಡದಲ್ಲಿ ಕಲಿತವನು ಕನ್ನಡದ ಒಂದು ಹೊಸ ಪುಟವನ್ನು ಓದಿ ಅರಿತು ತನ್ನದೇ ಮಾತಿನಲ್ಲಿ ಹೇಳಬಲ್ಲನೆಂಬ ಭರವಸೆಯನ್ನು ಪ್ರಮಾಣಪತ್ರವು ನೀಡುವಂತಾದರೆ, ಗಡಿಯು ಎರಡು ಅಂಕ ಮೇಲಿದೆಯೋ ಕೆಳಗಿದೆಯೋ ಎಂಬ ವಾದಕ್ಕೆ ಇಂದಿನಷ್ಟು ಮಹತ್ವ ಉಳಿಯುವುದಿಲ್ಲ.