ಬನ್ನೇರುಘಟ್ಟದ ಕರಡಿಗಳು ಎಲ್ಲಿಂದ ಬಂದವು?

ಅಮೃತಹಳ್ಳಿಯಿಂದ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಹೋಗಬೇಕೆಂದರೆ ಇಡೀ ಬೆಂಗಳೂರು ದಾಟಬೇಕು. ಮೆಜೆಸ್ಟಿಕ್‌ನಲ್ಲಿ ಇಳಿದು 365 ನಂಬರಿನ ಬಸ್ ಹತ್ತಬೇಕು. ಮಂಗಳವಾರ ರಜೆ.

ಸಫಾರಿಯಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಕರಡಿಗಳನ್ನು. ಇವು ನಮ್ಮ ಕುರುಚಲು ಕಾಡಿನವೇ. ಉದ್ದ ಉಗುರಿನಿಂದ ಹುತ್ತ ಅಗೆದು ಗೆದ್ದಲು ಹೀರುತ್ತವೆ. ಇಲ್ಲಿನ ಕರಡಿ ರಕ್ಷಣಾ ಕೇಂದ್ರಕ್ಕೆ ಬಂದ ಹಲವು ಕರಡಿಗಳು ಒಂದು ಕಾಲದಲ್ಲಿ ಬೀದಿಯಲ್ಲಿ ಕುಣಿದವು. ಮರಿಯಿದ್ದಾಗಲೇ ಮೂತಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದಿರುತ್ತಾರೆ. ಅಂಥವು ಕಾಡಿಗೆ ಬಿಟ್ಟರೆ ಬದುಕಲಾರವು. ಅದಕ್ಕೇ ಕಾಡಿನ ನಡುವೆಯೇ ಬೇಲಿ ಹಾಕಿ ಸಾಕುತ್ತಾರೆ.

ಕರಡಿ ಕುಣಿಸುತ್ತಿದ್ದವರು ಖಲಂದರ್ ಮುಸ್ಲಿಮರು. ತಲೆತಲಾಂತರದಿಂದ ಅದೇ ಅವರ ರೋಜಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆದರೆ ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜು ಬನ್ನೇರುಘಟ್ಟ ಸೇರಿದ್ದು 2009ರಲ್ಲಿ. ಕಾಯ್ದೆಯೊಂದರಿಂದಲೇ ಕೆಲಸ ಆಗಲಿಲ್ಲ. ಕರಡಿ ಒಪ್ಪಿಸಿದ ಕುಟುಂಬಗಳಿಗೆ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಬೇರೆ ಕಸುಬು ಹಿಡಿಯಲು ನೆರವಾಯಿತು, ಮಕ್ಕಳ ಓದಿಗೂ ಸಹಾಯ ಮಾಡಿತು. ಮನೆ ನಡೆಸಲು ಇನ್ನೊಂದು ದಾರಿ ಕಂಡ ಮೇಲೆ ಹಗ್ಗ ಬಿಡುವುದು ಅವರಿಗೆ ಸಾಧ್ಯವಾಯಿತು.

ಬನ್ನೇರುಘಟ್ಟಕ್ಕೆ ಹೋದವರು ಹುಲಿ, ಸಿಂಹ ನೋಡಿ ಬಂದುಬಿಡಬೇಡಿ. ಕರಡಿಗಳ ಹತ್ತಿರವೂ ಸ್ವಲ್ಪ ಹೊತ್ತು ನಿಲ್ಲಿ.